ಅಲ್ಲಾಡಿದ ಮುಖ

"ಅಲ್ಲಾಡಬ್ಯಾಡ ಅಂತ ನಮ್ಮಣ್ಣಗೂ ಒಂದ್ ಮಾತು ಹೇಳಿಬಿಡಪಾ ಹೂವಪ್ಪ. ಯಾರ ಮಾತೂ ಕೇಳಿದ ಮನಶ್ಯಾ ಅಲ್ಲ ಅಂವ."

ಹಾಗೆಂದವನು ಪರಮೇಶಪ್ಪ, ಸತ್ತವನ ಬೆನ್ನಿಗೆ ಬಿದ್ದ ತಮ್ಮ. ಪಡಸಾಲೆಯಲ್ಲಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಮೂವರು ನಾಲ್ವರು ಬಾಯಿಗೆ ವಲ್ಲಿ ಒತ್ತಿಕೊಂಡು ನಕ್ಕರು. ಒಬ್ಬ ಮುದುಕಿ, "ಹೆಣದ ಮುಂದ ಎಂಥಾ ಚ್ಯಾಷ್ಟಿನೋ ನಿಂದು, ನಾಲಿಗಿ ಸುಡ್ಲಿ" ಎಂದು ಗದರಿಸಿ, ಮುಖ ತಿರುಗಿಸಿ ತಾನೂ ನಕ್ಕಳು. ಸಾವಿನ ಮನೆಯಲ್ಲಿ ಅತ್ತು ಅತ್ತು ಸುಸ್ತಾದ ಮೇಲೆ ಇಂಥ ನಗೆ ಬರುತ್ತದೆ. ಅದನ್ನು ಯಾರೂ ತಪ್ಪು ಹಿಡಿಯುವುದಿಲ್ಲ.

ಹೂವಪ್ಪನೆಂದರೆ ನಾನು. ಅಂಗಳದಲ್ಲಿ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ ನಿಂತಿದ್ದೆ. ಹಿಂಬದಿಯ ಮಸುಕು ಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿ ಕಾಣುತ್ತಿದ್ದರು. ನಡುವೆ ರುಮಾಲು ಸುತ್ತಿಸಿಕೊಂಡು, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಎಡ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತವನು ಕರಬಸಪ್ಪ. ದುಂಡಸಿಯಲ್ಲಿ ಹೊಲ, ಬಾವಿ, ಮಾತು ಎಲ್ಲವೂ ಇದ್ದ ಮನುಷ್ಯ. ಲಿಂಗ ಕಟ್ಟುವ ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಒಳಕೋಣೆಯ ಬಾಗಿಲಿಗೆ ಬೆನ್ನು ಮಾಡಿ ಮಣೆಯ ಮೇಲೆ ಕೂಡಿಸಿ, ಸೊಂಟಕ್ಕೂ ಎದೆಗೂ ಮೆತ್ತನೆಯ ಪಟ್ಟಿ ಸುತ್ತಿ, ಎರಡೂ ಬದಿಯ ಬಾಗಿಲ ತೋಳುಗಳಿಗೆ ಬಿಗಿದಿದ್ದರು. ಅಂಗಿಯ ಮೇಲೆ ಶಲ್ಯೆ ಹೊದಿಸಿದ್ದರಿಂದ ಪಟ್ಟಿ ಕಾಣುತ್ತಿರಲಿಲ್ಲ. ಪೂಜೆಗೆ ಕುಳಿತು ತೂಕಡಿಸುತ್ತಿರುವವನ ಹಾಗಿದ್ದ.

ಬದುಕಿದ್ದಾಗ ಫೋಟೋ ಅಂದರೆ ಆಯುಷ್ಯ ಕಡಿಮೆಯಾಗುತ್ತದೆಂದು ಎದ್ದು ಹೋಗುತ್ತಿದ್ದನಂತೆ. ಹಾಗಾಗಿ ಅವನದೊಂದು ಚಿತ್ರವೂ ಭೂಮಿಯ ಮೇಲೆ ಇರಲಿಲ್ಲ. "ಒಂದರ ಇರ್ಲಿ" ಎಂದು ಹೆಂಡತಿ ವೀರವ್ವ ಶಿಗ್ಗಾಂವಿಗೆ ಚಕ್ಕಡಿ ಕಳಿಸಿದ್ದಳು. ಆ ಸುತ್ತಿನಲ್ಲಿ ಕ್ಯಾಮೆರಾ ಇದ್ದವನು ನಾನೊಬ್ಬನೇ.

ಇದು ನಲವತ್ತಮೂರನೆಯ ಇಸವಿಯ ಮಾತು. ಮಧ್ಯಾಹ್ನ ಹೋದವನಿಗೆ ರಾತ್ರಿಯೇ ಮಣ್ಣು ಕೊಡಬೇಕಾಗಿತ್ತು, ಏಕೆಂದರೆ ನಸುಕಿಗೆ ಅಮಾಸೆ ಹತ್ತುತ್ತಿತ್ತು. ಅಮಾಸೆಯಲ್ಲಿ ಹೆಣ ಮನೆಯಲ್ಲಿರಬಾರದೆಂದು ಪರಮೇಶಪ್ಪನ ಹಟ. ಜ್ವರ ಹೆಚ್ಚಾದಾಗಲೇ ಹೇಳಿ ಕಳಿಸಿದ್ದರಿಂದ ಹಿರೇಕೆರೂರಿನ ಕಡೆ ಕೊಟ್ಟ ಒಬ್ಬಳೇ ಮಗಳು ಸಿದ್ದವ್ವನ ಹಾದಿ ಕಾಯ್ದರು. ಅವಳು ಬಸ್ಸಿನಲ್ಲಿ ಹಾನಗಲ್ಲಿಗೆ ಬಂದು, ಅಲ್ಲಿಂದ ಚಕ್ಕಡಿ ಹಿಡಿದು ಮುಟ್ಟುವಾಗ ಒಂಬತ್ತಾಗಿತ್ತು. ಏಳು ತಿಂಗಳ ಬಸುರಿ. ಅವಳನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಕರೆದುಕೊಂಡು ಹೋದರು. ಬಸುರಿ ಹೆಣದ ಮುಖ ನೋಡಬಾರದು, ಕ್ಯಾಮೆರಾದ ಕಣ್ಣಿಗಂತೂ ಬೀಳಲೇಬಾರದು ಎಂಬುದು ಹಿರಿಯರ ಮಾತು. ಅವಳು ಅಳುವುದು ಒಂದೆರಡು ಸಲ ಕೇಳಿತು. ಆಮೇಲೆ ಯಾರೋ, "ಹೊಟ್ಟ್ಯಾಗಿನ ಕೂಸಿಗೆ ಚಲೋ ಅಲ್ಲ, ಬಾಯಿ ಮುಚ್ಚವಾ" ಅಂದರು. ನಿಂತಿತು.

ಇನ್ನು ನನ್ನ ಕಷ್ಟ. ಮೊದಲಾದರೆ ರಾತ್ರಿ ಫೋಟೋಕ್ಕೆ ಮೆಗ್ನೀಸಿಯಂ ಪುಡಿ ಇತ್ತು. ಭುಸ್ಸೆಂದು ಹೊತ್ತಿಸಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಯುದ್ಧ ಬಂದ ಮೇಲೆ ಪುಡಿಯೆಲ್ಲ ಬಾಂಬಿನ ಪಾಲು. ನನಗೆ ಉಳಿದದ್ದು ಸಿರಾಜುದ್ದೀನನ ಎರಡು ಗ್ಯಾಸ್‌ಬತ್ತಿ. ಸಿರಾಜುದ್ದೀನ ಶಿಗ್ಗಾಂವಿಯಲ್ಲಿ ಮದುವೆಗೂ ಮಣ್ಣಿಗೂ ಬತ್ತಿ ಬಾಡಿಗೆ ಕೊಡುವವನು. ಅವನ ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಯೇ ನನ್ನ ಮನೆ, ಅದೇ ನನ್ನ ಕತ್ತಲೆಕೋಣೆ.

ಬತ್ತಿಗಳನ್ನು ಕರಬಸಪ್ಪನ ಹತ್ತಿರ ಒಯ್ದಿದ್ದರೆ ಹದಿನೈದು ಸೆಕೆಂಡು ಸಾಕಿತ್ತು. ಆದರೆ ನಾನು ಊರ ಹೊರಗಿನ ಕೇರಿಯವನು, ಸಿರಾಜುದ್ದೀನ ಸಾಬ. ಪಡಸಾಲೆಯ ಮೆಟ್ಟಿಲು ಇಬ್ಬರಿಗೂ ಗಡಿ. ಅಂಗಳದಿಂದ ಬೆಳಕು ಬೀಳಬೇಕು. ಹಿಂದಿನ ಸಾಲೂ ಮುಂದಿನ ಸಾಲೂ ತಿಳಿಯಾಗಿ ಬರಬೇಕಾದರೆ ಮಸೂರದ ಕಿಂಡಿಯನ್ನು ಹನ್ನೊಂದರ ಗುರುತಿಗೆ ಸಣ್ಣದು ಮಾಡಬೇಕು. ಕಿಂಡಿ ಸಣ್ಣದಾದಷ್ಟೂ ಹೊತ್ತು ಹೆಚ್ಚು. ಅದರ ಮೇಲೆ, ಕತ್ತಲಲ್ಲಿ ಚಿತ್ರ ಮೂಡುವ ಗಾಜಿನ ಪ್ಲೇಟಿಗೂ ನಿದ್ದೆ ಹತ್ತುತ್ತದೆ. ಬೆಳಕು ಅರ್ಧವಾದರೆ ಎರಡರಷ್ಟು ಹೊತ್ತು ಸಾಲದು, ಮೂರರಷ್ಟು ಬೇಕು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಹಾಳಾದ ಪ್ಲೇಟುಗಳು ಹೇಳಿಕೊಟ್ಟವು.

"ಯಜಮಾನ್ರ, ಕರೀ ಬಾಗಿಲದ ಮುಂದ ಕೆಂಪು ರುಮಾಲು ಕಾಣವಲ್ದು. ಹಿಂದ ಒಂದು ಬಿಳೀ ಧೋತರ ಇಳಿಬಿಡಿಸ್ರಿ" ಎಂದೆ.

ಯಾರೋ ಬಾಗಿಲ ತುಂಬ ಧೋತರ ಇಳಿಬಿಟ್ಟರು.

"ಇನ್ನೊಂದು. ಊದಿನಕಡ್ಡಿ ಹಚ್ಚಿ ಅವರ ಹಣಿ ಹತ್ರ ಹಿಡೀರಿ. ಈ ಬೆಳಕಿನ್ಯಾಗ ಮೂಗು ಯಾವ್ದು ಮೀಸಿ ಯಾವ್ದು ತಿಳೀವಲ್ದು. ಕಡ್ಡಿಯ ಕೆಂಡ ನೋಡಿ ಹೊಂದಿಸ್ಕೋತೇನಿ."

ಪರಮೇಶಪ್ಪ ಕಡ್ಡಿ ಹಿಡಿದು ನಿಂತ. ಗಾಜಿನ ಮೇಲೆ ದೊಡ್ಡದಾಗಿ ಹರಡಿದ್ದ ಕೆಂಪು, ಕ್ಯಾಮೆರಾದ ತಿದಿಯನ್ನು ಹಿಂದೆ ಮುಂದೆ ಸರಿಸಿದಂತೆ ಸಣ್ಣದಾಗಿ ಸಾಸಿವೆಯಷ್ಟಾಯಿತು. ಅಲ್ಲಿಗೆ ತಿರುಪು ಬಿಗಿದೆ.

"ಮೂಗಿಗೆ ಹೊಗಿ ಹೋದ್ರ ಸೀನ್ಯಾನು ನೋಡ" ಎಂದ ಪರಮೇಶಪ್ಪ. "ಸೋಮವಾರನೂ ಹಿಂಗ ಹೋಗಿದ್ದ. ನಾವೆಲ್ಲಾ ಅತ್ತು ಕರದು ಅಯ್ಯಗೋಳಿಗೆ ಹೇಳಿ ಕಳಿಸಿದ್ವಿ. ತಾಸಿನ ಮ್ಯಾಲ ಕಣ್ಣು ತಗದು, 'ಆಕಳ ಹಿಂಡಿದ್ರೇನ' ಅಂತ ಕೇಳಿದ!"

ಮತ್ತೆ ನಕ್ಕರು. ಗಂಡನ ಬಲಕ್ಕೆ ಕುಳಿತಿದ್ದ ವೀರವ್ವ ಮಾತ್ರ ನಗಲಿಲ್ಲ.

"ಎಲ್ಲಾರೂ ಗ್ವಾಡಿಗರ ಕಂಬಕ್ಕರ ಒರಗ್ರಿ. ನಾ 'ಹಾಂ' ಅಂದ ಮ್ಯಾಲ ಉಸಿರು ಸಣ್ಣಗ ಬಿಡ್ರಿ, ರೆಪ್ಪಿ ಬಡದ್ರ ಅಡ್ಡಿಲ್ಲ, ಮುಖ ಅಲ್ಲಾಡಬಾರದು. ಒಂದ್ ನಿಮಿಷ."

ಸಿರಾಜುದ್ದೀನ ಒಂದು ಬತ್ತಿಯನ್ನು ಗಳಕ್ಕೆ ತೂಗುಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದ. ಕೈಯಲ್ಲಿದ್ದುದನ್ನು ಆ ಒಂದು ನಿಮಿಷವೂ ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಿರಬೇಕು. ಹಾಗೆ ಮಾಡಿದರೆ ನೆರಳಿನ ಅಂಚು ಕರಗಿ ಮುಖಗಳು ಮೃದುವಾಗುತ್ತವೆ. "ಹಾಂ" ಎಂದು ಮಸೂರದ ಮುಚ್ಚಳ ತೆಗೆದೆ.

ನನ್ನ ಹತ್ತಿರ ಗಡಿಯಾರವಿರಲಿಲ್ಲ. ಯಲವಿಗಿ ಟೇಶನ್ನಿನಲ್ಲಿ ಹಮಾಲಿ ಮಾಡಿದ ಕಾಲದಲ್ಲಿ ಬಾಯಿಗೆ ಬಂದ ಹೆಸರುಗಳೇ ನನ್ನ ಗಡಿಯಾರ. ಹರಿಹರ, ಚಳಗೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ, ಕರ್ಜಗಿ, ಯಲವಿಗಿ, ಗುಡಗೇರಿ, ಸಂಶಿ, ಕುಂದಗೋಳ, ಹುಬ್ಬಳ್ಳಿ. ಸಾವಕಾಶ ಹೇಳಿದರೆ ಹರಿಹರದಿಂದ ಹುಬ್ಬಳ್ಳಿಗೆ ಅರ್ಧ ನಿಮಿಷ. ಎರಡು ಸಲ ಹೋಗಿ ಮುಟ್ಟಿದೆ. ಪಡಸಾಲೆಯಲ್ಲಿ ಗ್ಯಾಸಿನ ಸುಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಮುಚ್ಚಳ ಹಾಕಿ "ಆತ್ರಿ" ಎಂದ ಕೂಡಲೇ ಹಿಡಿದಿಟ್ಟಿದ್ದ ಅಳುವೆಲ್ಲ ಒಮ್ಮೆಗೇ ಒಡೆದುಕೊಂಡಿತು.

ಮಣ್ಣಿಗೂ ಅವೇ ಬತ್ತಿಗಳು ಹೋದವು. ಸಿರಾಜುದ್ದೀನ ಕುಣಿಯ ದಡದಲ್ಲಿ ಬೆಳಕು ಹಿಡಿದು ನಿಂತ. ನಾನು ದೂರದ ಬೇಲಿಯ ಹತ್ತಿರ ಪೆಟ್ಟಿಗೆ ಕಾಯುತ್ತ ಕುಳಿತೆ.

ಮರುದಿನ ಕೆಂಪು ದೀಪದ ಮುಂದೆ ಪ್ಲೇಟು ತೊಳೆದೆ. ಹೈಪೋ ದ್ರಾವಣದಿಂದ ತೆಗೆದು, ನೀರಿಗೆ ಹಾಕಿ, ಅಂಗಡಿಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದೆ. ಬಹಳ ಚಲೋ ಬಂದಿತ್ತು. ಕಂಬದ ಗೆರೆ ತಿಳಿಯಾಗಿತ್ತು, ವೀರವ್ವನ ಸೆರಗಿನ ದಡಿ ತಿಳಿಯಾಗಿತ್ತು, ಕುಳಿತಲ್ಲಿ ಕೂರದ ಆ ಮುದುಕಿ ಕೂಡ ಕಲ್ಲಿನಲ್ಲಿ ಕಡೆದ ಹಾಗಿದ್ದಳು. ಅಲ್ಲಾಡಿದವನು ಒಬ್ಬನೇ. ಕರಬಸಪ್ಪನಿಗೆ ಎರಡು ಮೂಗಿದ್ದವು. ಹಣೆಯ ಮೂರೆಳೆ ವಿಭೂತಿ ಆರೆಳೆಯಾಗಿತ್ತು. ತೊಡೆಯ ಮೇಲಿನ ಅಂಗೈ, ಲಿಂಗ, ಮೊಣಕಾಲು ಎಲ್ಲ ನೆಟ್ಟಗಿದ್ದು, ಹೆಗಲಿನಿಂದ ಮೇಲೆ ಮಾತ್ರ ನಡುಗಿತ್ತು.

ಸಿರಾಜುದ್ದೀನನನ್ನು ಕರೆದು ತೋರಿಸಿದೆ.

"ನಿನ್ನ ಕ್ಯಾಮೆರಾದ ಮೂರುಕಾಲು ಅಲ್ಲಾಡಿರಬೇಕು" ಅಂದ.

"ಅದು ಅಲ್ಲಾಡಿದ್ರ ಕಂಬನೂ ಅಲ್ಲಾಡಬೇಕಲ್ಲೋ. ನಿನ್ನ ಬತ್ತಿ?"

"ಅರೆ, ಬತ್ತಿ ಅಲ್ಲಾಡಿದ್ರ ಆ ಮುದುಕಿಗೂ ಎರಡು ಮೂಗು ಬರಬೇಕಿತ್ತು. ನನ್ ಮ್ಯಾಲ ಹಾಕಬ್ಯಾಡ." ಅವನು ಮತ್ತೆ ಬಗ್ಗಿ ನೋಡಿದ. "ಕಟ್ಟಿದ್ದು ಸಡ್ಲಾಗಿ ಜಾರಿರಬೇಕು, ಭಾಯಿ."

ನನಗೂ ಹಾಗೇ ಇರಲಿ ಅನಿಸಿತ್ತು. ಆದರೆ ಜಾರಿದ್ದರ ಗುರುತು ಬೇರೆ. ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಒರೆಸಿದ ಹಾಗೆ ಬರುತ್ತದೆ. ಇದು ಹೋಗಿ ಬಂದ ಗುರುತು. ಮುಂದೆ ಹೋಗಿದೆ, ತನ್ನ ಜಾಗಕ್ಕೆ ಬಂದಿದೆ, ಮತ್ತೆ ಹೋಗಿದೆ. ಉಸಿರಾಡುವವನು ಹಾಗೆ ಮಾಡುತ್ತಾನೆ.

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಸಿರಾಜುದ್ದೀನನಿಗೆ ತಿಳಿಯಿತು. ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಹೂವಪ್ಪ, ಕುಣಿಯಾಗ ಕೂಡ್ಸಿದ್ದು ನನ್ ಬೆಳಕಿನ್ಯಾಗ. ಮಣ್ಣು ಹಾಕುಮುಂದ ನಾ ಮುಖಾ ನೋಡೇನಿ. ಏನೂ ಇರಲಿಲ್ಲ ಅಲ್ಲಿ. ಅಲ್ಲಾ ಕಸಮ್, ಏನೂ ಇರಲಿಲ್ಲ."

"ಸೋಮವಾರನೂ ಏನೂ ಇರಲಿಲ್ಲಂತ. ತಾಸು ಬಿಟ್ಟು ಎದ್ದು ಕುಂತಾನ."

ಆ ದಿನವೇ ಪರೀಕ್ಷೆ ಮಾಡಿದೆ. ಪ್ಲೇಟು ಹಾಳುಮಾಡುವ ಕಾಲವಲ್ಲ. ಪ್ಲೇಟಿನ ಜಾಗದಲ್ಲಿ ಫೋಟೋ ಅಚ್ಚು ಹಾಕುವ ಬ್ರೋಮೈಡ್ ಕಾಗದದ ತುಂಡು ಇಟ್ಟು, ಸಂಜೆಯ ಮಬ್ಬು ಬೆಳಕಿನಲ್ಲಿ ಸಿರಾಜುದ್ದೀನನನ್ನು ಗೋಡೆಯ ಮುಂದೆ ಕೂಡಿಸಿದೆ. ಒಮ್ಮೆ ಸುಮ್ಮನೆ ಕುಳಿತ. ಒಮ್ಮೆ ತೂಕಡಿಸಿದವನಂತೆ ಬಾಗಿದ. ಮೂರನೆಯ ಸಲ, "ದಮ್ಮು ಇದ್ದವ್ರಂಗ ಜಗ್ಗಿ ಉಸಿರಾಡು" ಎಂದೆ. ಕಾಗದಗಳನ್ನು ತೊಳೆದು ಕರಬಸಪ್ಪನ ಪಕ್ಕಕ್ಕಿಟ್ಟೆ. ಮೂರನೆಯದು ಅವನಿಗೆ ತಮ್ಮನಂತಿತ್ತು.

ಸಿರಾಜುದ್ದೀನ ಆ ರಾತ್ರಿ ಉಣ್ಣಲಿಲ್ಲ.

ನೀವು ಕೇಳಬಹುದು, ತಿದ್ದಿ ಕೊಟ್ಟು ಬಿಡಬಾರದಿತ್ತೇ ಎಂದು. ತಿದ್ದಬಹುದಿತ್ತು. ಪ್ಲೇಟಿನ ಮೇಲೆ ಚಾಕುವಿನ ಮೊನೆಯಿಂದ ಒಂದು ಮೂಗನ್ನು ಕೆರೆದು, ಸೀಸದ ಕಡ್ಡಿಯಿಂದ ಇನ್ನೊಂದನ್ನು ಗಟ್ಟಿ ಮಾಡುವುದು ಅರ್ಧ ದಿನದ ಕೆಲಸ. ಮದುವೆಯ ಹುಡುಗಿಯರಿಗೆ ಎಷ್ಟು ಸಿಡುಬಿನ ಕಲೆ ತೆಗೆದಿಲ್ಲ ನಾನು! ಎರಡು ಸಲ ಚಾಕು ಎತ್ತಿಕೊಂಡೆ. ಕೆರೆದರೆ ಮೂಗು ಒಂದಾಗುತ್ತಿತ್ತು, ಆದರೆ ಮಣ್ಣಿನೊಳಗೆ ಕುಳಿತವನ ವಿಷಯ ಮಾತ್ರ ನನಗೂ ಸಿರಾಜುದ್ದೀನನಿಗೂ ಸಾಯುವವರೆಗೆ ಹಾಗೇ ಉಳಿಯುತ್ತಿತ್ತು. ಹೇಳಿದರೆ? ಹೇಳಿದರೆ ವೀರವ್ವ ಏನಾಗಬೇಕು?

ಒಂಬತ್ತನೆಯ ದಿನ ಚಕ್ಕಡಿಯವನು ಬಂದ. "ನಾಡದ ಶಿವಗಣಾರಾಧನಿ. ಫೋಟೋ ತಗೊಂಡು ಬರ್ಬೇಕಂತ ಅವ್ವಾರು ಹೇಳ್ಯಾರ. ದಿನಾ ಕೇಳ್ತಾರ್ರಿ, ಬಂತೇನು ಬಂತೇನು ಅಂತ."

ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹತ್ತಿದೆ. ಸಿರಾಜುದ್ದೀನ ಕರೆಯದೆಯೇ ಜೊತೆಗೆ ಹತ್ತಿದ. ದುಂಡಸಿ ಮುಟ್ಟುವವರೆಗೆ ಗಾಜು ಒಡೆಯದಂತೆ ಇಬ್ಬರೂ ಸರತಿಯಲ್ಲಿ ತೊಡೆಯ ಮೇಲಿಟ್ಟುಕೊಂಡೆವು.

ಹಗಲಿನಲ್ಲಿ ಆ ಪಡಸಾಲೆ ಸಣ್ಣದಾಗಿ ಕಂಡಿತು. ಪರಮೇಶಪ್ಪ ಕಂಬಕ್ಕೆ ಒರಗಿ ಅಡಕೆ ಕತ್ತರಿಸುತ್ತಿದ್ದ. ವೀರವ್ವ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಒಂಬತ್ತು ದಿನದಲ್ಲಿ ಒಂಬತ್ತು ವರ್ಷ ಹಿರಿಯಳಾಗಿದ್ದಳು.

"ತಂದ್ಯೇನಪಾ?"

"ತಂದೇನ್ರಿ ಅವ್ವಾ. ಆದ್ರ ಕಾಗದದ ಮ್ಯಾಲ ಇನ್ನೂ ಅಚ್ಚು ಹಾಕಿಲ್ಲ. ಗಾಜೈತಿ. ಒಂದ್ ಮಾತು ಕೇಳಬೇಕಿತ್ತು. ಅವತ್ತು ಯಜಮಾನ್ರನ್ನ ಕಟ್ಟಿದವ್ರು ಯಾರ್ರಿ?"

"ನಾನ ಕಟ್ಟೇನಿ, ಯಾಕ?" ಎಂದ ಪರಮೇಶಪ್ಪ. "ನನ್ ಗಂಟು ಬಿಚ್ಚಬೇಕಂದ್ರ ಕುಡಗೋಲು ಬೇಕು. ಫೋಟೋ ಕೆಡಿಸ್ಕೊಂಡು ಬಂದು ಗಂಟಿನ ಮ್ಯಾಲ ಹಾಕಾಕ ನಿಂತಾನ ನೋಡು ಇವ."

"ಏನಾಗೇತಿ ಫೋಟೋಕ್ಕ?" ಎಂದಳು ವೀರವ್ವ.

ಪ್ಲೇಟನ್ನು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದೆ. ಗಾಜಿನಲ್ಲಿ ಕಪ್ಪು ಬೆಳ್ಳಗೆ, ಬಿಳಿ ಕಪ್ಪಗೆ ಇರುತ್ತದೆ, ರೂಢಿಯಿಲ್ಲದವರಿಗೆ ಗೊತ್ತಾಗುವುದಿಲ್ಲ. ಆದರೂ ಅವಳು ಎತ್ತಿಕೊಂಡು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ನೋಡುತ್ತಲೇ ಅಂದಳು:

"ಅಲ್ಲಾಡ್ಯಾನ."

ಗಾಜನ್ನು ಇಳಿಸದೆಯೇ ಮತ್ತೆ ಅಂದಳು:

"ನಾವೆಲ್ಲಾ ಸುಮ್ಮನ ಕುಂತೇವಿ. ಅಂವ ಅಲ್ಲಾಡ್ಯಾನ. ಮೈ ತೊಳಿಯುಮುಂದ ಕಂಕಳ ಬಿಸಿ ಇತ್ತು. ನಾ ಹೇಳಿದೆ. ಜ್ವರದ ಕಾವು, ಆರಾಕ ಹೊತ್ತು ಹಿಡೀತೈತಿ ಅಂದ್ರಿ. ಸೋಮವಾರದ್ದೂ ನೆನಪು ಮಾಡಿದೆ. ಅಮಾಸಿ ಅಮಾಸಿ ಅಂದ್ರಿ ಎಲ್ಲಾರೂ."

ಪರಮೇಶಪ್ಪನ ಕೈಯಲ್ಲಿ ಅಡಕತ್ತರಿ ನಿಂತಿತ್ತು. ಅವನ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಆದರೆ ಬಾಯಿ ಬೇರೆಯೇ ಮಾತಾಡಿತು.

"ಕೇರಿಯಾಂವನ ಕೈಯಾಗ ಪೆಟಗಿ ಕೊಟ್ಟು ಹೆಣದ ಮುಂದ ನಿಂದ್ರಿಸಿದ್ರ ಇನ್ನೇನ ಆಗ್ತೈತಿ! ಕೆಡಿಸ್ಯಾನ ಅಷ್ಟ. ಏ ಹೂವಪ್ಪ, ಕೆಡಿಸೇನಿ ಅನ್ನು. ಅನ್ನಲೇ!"

ಅನ್ನಬಹುದಿತ್ತು. ಕೈ ಅಲ್ಲಾಡಿತು, ಗಾಜು ಹಳೆಯದು, ತಪ್ಪಾಯಿತು ಎಂದು ಕಾಲಿಗೆ ಬಿದ್ದಿದ್ದರೆ ಆ ಕ್ಷಣಕ್ಕೆ ಎಲ್ಲರಿಗೂ ಚಲೋ ಆಗುತ್ತಿತ್ತು. ಆದರೆ ವೀರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಕೆಡಿಸಿಲ್ರಿ" ಎಂದೆ. "ಉಳಿದವರೆಲ್ಲಾ ನೆಟ್ಟಗ ಬಂದಾರ. ಯಾಕ ಹಿಂಗಾತಂತ ನನಗ ಗೊತ್ತಿಲ್ರಿ ಅವ್ವಾ. ಗೊತ್ತಿಲ್ಲದ್ದಕ್ಕ ಕೇಳಾಕ ಬಂದೇನಿ."

ವೀರವ್ವ ಪ್ಲೇಟನ್ನು ಸೆರಗಿನಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಳು. ದನಿ ಏರಿಸಲಿಲ್ಲ.

"ಕುಣಿ ತಗಸು, ಪರಮೇಶಿ."

"ವೈನಿ, ಏನ್ ಮಾತಾಡಾಕತ್ತೀರಿ? ಒಂಬತ್ತು ದಿನಾತು!"

"ತಗಸು. ಕೈ ಎಲ್ಲಿ ಅದಾವು ನೋಡ್ತೇನಿ. ಕೂಡಿಸಿದಲ್ಲೇ ಅದಾವೋ, ಮ್ಯಾಲ ಎತ್ಯಾನೋ. ಅದನ್ನ ನೋಡದ ನಾ ಒಂದ ತುತ್ತು ನುಂಗೂದಿಲ್ಲ."

ನನ್ನ ಬೆನ್ನ ಹಿಂದೆ ಸಿರಾಜುದ್ದೀನ ಏನೋ ಗೊಣಗಿದ, ಪ್ರಾರ್ಥನೆಯಿರಬೇಕು.

ಆಗ ಒಳಕೋಣೆಯ ಬಾಗಿಲಿನಿಂದ, "ಅವ್ವಾ" ಎಂಬ ಮಾತು ಬಂತು. ಸಿದ್ದವ್ವ ಬಾಗಿಲ ತೋಳು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅದು ನಾನವ್ವಾ."

"ನೀ ಏನ?"

"ಅಪ್ಪನ್ನ ಅಲ್ಲಾಡಿಸಿದ್ದು ನಾನು." ಅವಳು ನೆಲ ನೋಡುತ್ತ ಮಾತಾಡಿದಳು. "ಮುಖಾ ನೋಡಬ್ಯಾಡ ಅಂದ್ರಿ, ನೋಡ್ಲಿಲ್ಲ. ಮುಂದ ಬರಬ್ಯಾಡ ಅಂದ್ರಿ, ಬರ್ಲಿಲ್ಲ. ಬಿಳೀ ಧೋತರ ಇಳಿಬಿಟ್ರಲ್ಲ, ಅದರ ಹಿಂದ ಬಂದು ಕುಂತೆ. ಧೋತರದ ಮ್ಯಾಗಿಂದ ಅಪ್ಪನ ಬೆನ್ನಿಗೆ ಹಣಿ ಹಚ್ಚಿದೆ. ಬೆನ್ನು ನೋಡಬಾರದು ಅಂತ ಯಾರೂ ಹೇಳಿರ್ಲಿಲ್ಲ. ಇವರು 'ಹಾಂ, ಉಸಿರು ಸಣ್ಣಗ ಬಿಡ್ರಿ' ಅಂದಾಗ ನಾನೂ ಬಾಯಿ ಕಟ್ಟಿಕೊಂಡೆ. ದನಿ ಕಟ್ಟಿತು, ಮೈ ಕಟ್ಟಲಿಲ್ಲ. ಒಂದ ನಿಮಿಷಾನೂ ಬಿಕ್ಕಿದೆ."

ಧೋತರ ಕೇಳಿದವನು ನಾನೇ. ಮೆಟ್ಟಿಲು ಹತ್ತಿ ಒಮ್ಮೆ ಹಿಂದೆ ಇಣುಕುವ ಹಾಗಿದ್ದರೆ ಕಾಣುತ್ತಿತ್ತು.

ಆದರೆ ವೀರವ್ವ ತಲೆ ಅಲ್ಲಾಡಿಸಿದಳು. "ಇಲ್ಲ. ನನ್ನ ಸಮಾಧಾನಕ್ಕ ಹೇಳಾಕತ್ತಿ. ಸಣ್ಣಾಕಿದ್ದಾಗಿಂದ ಹಿಂಗ. ಬೆಕ್ಕು ಹಾಲು ಕುಡದ್ರೂ ನಾ ಕುಡದೇನಿ ಅಂತ ಬೈಸ್ಕೊಳ್ಳಾಕಿ ನೀನು."

"ಸುಳ್ಳಲ್ಲವಾ."

"ಅಷ್ಟ್ ದೊಡ್ಡ ಆಳು, ನಿನ್ನ ಬಿಕ್ಕಿಗೆ ಹೆಂಗ ಅಲ್ಲಾಡ್ಯಾನು?"

ಸಿದ್ದವ್ವ ಒಳಗೆ ಹೋಗಿ ಒಂದು ಧೋತರ ತಂದು ಬಾಗಿಲಿಗೆ ಇಳಿಬಿಟ್ಟಳು. ತಾಯಿಯ ಸೆರಗಿನಿಂದ ಪ್ಲೇಟು ತೆಗೆದು ಮೆಟ್ಟಿಲ ಮೇಲಿಟ್ಟು, ತೋಳು ಹಿಡಿದು ಎಬ್ಬಿಸಿ, ಅಪ್ಪನನ್ನು ಕೂಡಿಸಿದ್ದ ಜಾಗದಲ್ಲಿ, ಅದೇ ಮಣೆಯ ಮೇಲೆ, ನಮ್ಮ ಕಡೆ ಮುಖ ಮಾಡಿ ಕೂಡಿಸಿದಳು. ಪರಮೇಶಪ್ಪ, "ಏ ಸಿದ್ದೀ, ಅಲ್ಲಿ ಕುಂಡ್ರಬಾರದು" ಎಂದ. ಯಾರೂ ಕೇಳಲಿಲ್ಲ. ಸಿದ್ದವ್ವ ಹೊಟ್ಟೆ ಹಿಡಿದುಕೊಂಡು ಧೋತರದ ಹಿಂದೆ ಮೆಲ್ಲಗೆ ಕೂತಳು. ಮರೆಯಾದಳು.

ಮೊದಲು ಏನೂ ಆಗಲಿಲ್ಲ. ಅಳು ಬಾ ಅಂದರೆ ಬರುತ್ತದೆಯೇ? ವೀರವ್ವ ಬಿಗಿದ ಮುಖದಿಂದ ಅಂಗಳ ನೋಡುತ್ತ ಕುಳಿತಿದ್ದಳು. ನನಗೆ ಗೊತ್ತಿಲ್ಲದಂತೆ ನಾನು ಹರಿಹರದಿಂದ ಹೊರಟಿದ್ದೆ. ರಾಣೆಬೆನ್ನೂರು ದಾಟಿದೆ, ಬ್ಯಾಡಗಿ ದಾಟಿದೆ. ಹಾವೇರಿಯ ಹತ್ತಿರ ಧೋತರದ ನೆರಿಗೆ ಸಣ್ಣಗೆ ನಡುಗಿತು. ಕರ್ಜಗಿಗೆ ವೀರವ್ವನ ಹೆಗಲು ಮುಂದೆ ಹೋಗಿ ಹಿಂದೆ ಬಂತು. ತೊಡೆಯ ಮೇಲಿನ ಕೈಗಳು ಹಾಗೇ ಇದ್ದವು. ಹಣೆಯ ವಿಭೂತಿಯ ಗೆರೆಗಳು ನಡುಗಿ ಒಂದರೊಳಗೊಂದು ಸೇರಿದವು. ನಾನು ಇಷ್ಟು ದಿನ ಗಾಜಿನಲ್ಲಿ ನೋಡಿದ್ದನ್ನು ಈಗ ಜೀವಂತ ಮುಖದ ಮೇಲೆ ನೋಡುತ್ತಿದ್ದೆ.

"ಹೌದು ಅವ್ವಾ, ಹಿಂಗ" ಎಂದೆ. "ಹಿಂಗ ಐತ್ರಿ ಗಾಜಿನ್ಯಾಗ."

ವೀರವ್ವ ನನ್ನ ಕಡೆ ನೋಡಲಿಲ್ಲ. ಹಿಂದೆ ತಿರುಗದೆಯೇ ಕೇಳಿದಳು:

"ಸಿದ್ದವ್ವಾ. ಅವನ ಬೆನ್ನು ಹೆಂಗಿತ್ತು? ಬಿಸಿ ಇತ್ತೇನ?"

ಧೋತರದ ಹಿಂದಿನಿಂದ ದನಿ ಬಂತು.

"ತಣ್ಣಗಿತ್ತವ್ವಾ. ಹಿತ್ತಲದಾಗಿನ ಬಟ್ಟಿ ಒಗಿಯೂ ಕಲ್ಲು ಇರತೈತಲ್ಲ ಮುಂಜಾನೆ, ಹಂಗ. ಅದಕ್ಕ ನನಗ ತಡೀಲಿಕ್ಕೆ ಆಗಲಿಲ್ಲ. ಬಿಸಿ ಇದ್ದಿದ್ರ ನಾ ಯಾಕ ಅಳ್ತಿದ್ದೆ, ಕೂಗಿ ಕರೀತಿದ್ದೆ ಎಲ್ಲಾರನ್ನೂ."

ಆಗ ವೀರವ್ವ ಬಾಯಿ ತೆರೆದಳು. ಅಳು ಬರಲಿಲ್ಲ, ದೀರ್ಘವಾದ ಉಸಿರು ಬಂತು. ಕೈಯನ್ನು ಹಿಂದೆ ಚಾಚಿ ಬಟ್ಟೆಯ ಮೇಲಿನಿಂದಲೇ ಮಗಳ ತಲೆ ಹಿಡಿದುಕೊಂಡಳು. ಪರಮೇಶಪ್ಪ ಎದ್ದು ಕಂಬದ ಆಚೆ ಹೋಗಿ ಮುಖ ತಿರುಗಿಸಿ ನಿಂತ. ಅಡಕೆಯ ಚೂರುಗಳು ನೆಲದ ಮೇಲೆ ಬಿದ್ದಿದ್ದವು. ಸ್ವಲ್ಪ ಹೊತ್ತಿಗೆ ಅವನೇ, ಅತ್ತ ತಿರುಗಿಕೊಂಡೇ, ಮೆತ್ತಗೆ ಅಂದ:

"ತಿದ್ದಾಕ ಬರತೈತೇನಪಾ ಅದು?"

"ಬರತೈತ್ರಿ ಯಜಮಾನ್ರ. ನಾಡದೊಳಗ ಕೊಡ್ತೇನಿ."

"ತಿದ್ದಿ ಕೊಡು" ಎಂದಳು ವೀರವ್ವ. "ಗ್ವಾಡಿಗೆ ಹಾಕೂದು. ಬಂದವ್ರು ಹೋದವ್ರು ಕೇಳೂದು ಬ್ಯಾಡ. ನನ್ನ ಕೈಲೆ ಹೇಳೂದು ಆಗೂದಿಲ್ಲ."

"ನನಗ ಒಂದು ಸಣ್ಣದು ಬೇರೆ ಕೊಡ್ರಿ" ಎಂದಿತು ಧೋತರದ ಹಿಂದಿನ ದನಿ. "ತಿದ್ದಬ್ಯಾಡ್ರಿ ಅದನ್ನ. ಅಲ್ಲಾಡಿದ್ದ ಇರ್ಲಿ."

"ಆತು ತಂಗಿ" ಎಂದೆ.

ಚಕ್ಕಡಿಯವನು ಎತ್ತು ಹೂಡಲು ಹೋದ. ಸಿರಾಜುದ್ದೀನ ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದ. ನಾನು ಪ್ಲೇಟು ಸುತ್ತಿಕೊಳ್ಳುವಾಗ ಸಿದ್ದವ್ವ ತಂಬಿಗೆಯಲ್ಲಿ ನೀರು ತಂದು ಮೆಟ್ಟಿಲ ಮೇಲೆ ನಿಂತಳು. ನಾನು ಕೆಳಗೆ ಬಾಗಿ ಬೊಗಸೆ ಒಡ್ಡಿದೆ. ಅವಳು ಮೇಲಿನಿಂದ ಹೊಯ್ದಳು. ಅವಳ ಮೈಯ ಬಿಕ್ಕು ಇನ್ನೂ ನಿಂತಿರಲಿಲ್ಲ. ಧಾರೆ ಆ ಕಡೆ ಈ ಕಡೆ ಆಡಿ, ಅರ್ಧ ನೀರು ಮೊಣಕೈಗುಂಟ ಇಳಿದು ಅಂಗಿ ತೋಯಿಸಿತು. ತಂಬಿಗೆ ಬರಿದಾಗುವವರೆಗೆ ನಾನು ಕೈ ತೆಗೆಯಲಿಲ್ಲ.